ಮುಚ್ಚಳದೊಳಗೆ ಯಾರೂ ಇಲ್ಲ

ಯುದ್ಧ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯನ್ನು ನಾವೇ ಜೋಡಿಸಿಕೊಳ್ಳುವ ಕಿಟ್ಟಿನ ಜೊತೆ ಬರುವ ಸೂಚನಾ ಹಾಳೆಯ ಕೊನೆಯ ಪುಟದ ಆಸುಪಾಸಿನಲ್ಲಿ ಒಂದು ಸಣ್ಣ ಆಯ್ಕೆ ಇರುತ್ತದೆ. ಟರೆಟ್ಟಿನ, ಅಂದರೆ ತೋಪು ಹೊತ್ತು ತಿರುಗುವ ಗೂಡಿನ, ಮೇಲಿನ ಮುಚ್ಚಳದ ಚಿತ್ರವನ್ನು ಎರಡು ಸಲ ಬರೆದಿರುತ್ತಾರೆ. ಒಂದರಲ್ಲಿ ತೆರೆದದ್ದು, ಇನ್ನೊಂದರಲ್ಲಿ ಮುಚ್ಚಿದ್ದು. ನಿಮಗೆ ಹೇಗೆ ಬೇಕೋ ಹಾಗೆ ಅಂಟಿಸಿಕೊಳ್ಳಿ ಎಂದು ಅದರ ಅರ್ಥ. ನನ್ನ ಕಪಾಟಿನಲ್ಲಿ ಈಗ ಹನ್ನೊಂದು ಟ್ಯಾಂಕುಗಳಿವೆ. ಹನ್ನೊಂದರ ಮುಚ್ಚಳವೂ ಮುಚ್ಚಿದೆ.

ಇದರ ಹಿಂದೆ ಘನವಾದ ಯೋಚನೆಯೇನೂ ಇರಲಿಲ್ಲ. ತೆರೆದರೆ ಒಳಗಿನ ಪೊಳ್ಳು ಕಾಣುತ್ತದೆ, ಅಷ್ಟೇ. ಹೊರಮೈ ಮೇಲೆ ಬೆಸುಗೆಯ ಗೀಟು, ರಿವೆಟ್ಟು, ಗುದ್ದಲಿ, ಎಳೆಯುವ ಹಗ್ಗದ ಹುರಿಯ ತಿರುವು, ಎಲ್ಲವನ್ನೂ ಕಣ್ಣು ಕಿರಿದು ಮಾಡಿ ನೋಡುವಷ್ಟು ನವಿರಾಗಿ ಅಚ್ಚು ಹೊಯ್ದಿರುತ್ತಾರೆ. ಒಳಗೆ ಬರಿಯ ಗೋಡೆ. ಆ ಗೋಡೆಯ ಮೇಲೆ, ತುಂಡನ್ನು ಅಚ್ಚಿನಿಂದ ಹೊರಕ್ಕೆ ತಳ್ಳುವ ಕಡ್ಡಿಗಳು ಒತ್ತಿಹೋದ ದುಂಡನೆಯ ಗುರುತುಗಳು. ಹಳೆಯ ಕಿಟ್ಟುಗಳಾದರೆ ತಳದಲ್ಲಿ ಒಂದೆರಡು ತೂತುಗಳೂ ಇರುತ್ತವೆ, ಮೋಟಾರಿನ ಸ್ವಿಚ್ಚಿಗೆಂದು ಬಿಟ್ಟವು.

ಆ ತೂತುಗಳ ಬಗ್ಗೆ ನನಗೆ ವಿಶೇಷ ಮಮತೆ ಇದೆ, ಏಕೆಂದರೆ ಈ ಹವ್ಯಾಸದ ಅಳತೆಗೋಲು ಹುಟ್ಟಿದ್ದೇ ಅಲ್ಲಿಂದ. ಜಪಾನಿನ ತಮಿಯಾ ಕಂಪನಿ 1961ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ತಂದಾಗ ಅದು ಓಡುವ ಆಟಿಕೆಯೂ ಆಗಿತ್ತು. ಒಳಗೆ ಒಂದು ಮೋಟಾರು, ಎರಡು ಬ್ಯಾಟರಿ ಹಿಡಿಸಬೇಕು. ಹಿಡಿಸುವಷ್ಟು ದೊಡ್ಡದಾಗಿ ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ನಿಜವಾದ ಟ್ಯಾಂಕಿನ ಸುಮಾರು ಮೂವತ್ತೈದನೆಯ ಒಂದು ಪಾಲು. ಪ್ಯಾಂಥರ್ ಚೆನ್ನಾಗಿ ಬಿಕರಿಯಾಯಿತು, ಮುಂದಿನವುಗಳನ್ನೂ ಅದೇ ಅಳತೆಗೆ ಮಾಡಿದರು, ಉಳಿದ ಕಂಪನಿಗಳು ಹಿಂಬಾಲಿಸಿದವು. ಹಾಗೆ 1/35 ಎಂಬುದು ಸೇನಾ ವಾಹನಗಳ ಮಾದರಿಗೆ ಜಗತ್ತೇ ಒಪ್ಪಿದ ಪ್ರಮಾಣವಾಯಿತು. 1/72ಕ್ಕೆ ಒಂದು ತರ್ಕವಿದೆ, ಆರು ಅಡಿಗೆ ಒಂದು ಅಂಗುಲ. 1/35ಕ್ಕೆ ಇರುವ ತರ್ಕ ಎರಡು ಬ್ಯಾಟರಿ. ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಜಗಳ ತೆಗೆಯುವ ನಮ್ಮಂಥವರ ಬುಡದಲ್ಲೇ ಇಂಥದೊಂದು ಅಂದಾಜಿನ ವ್ಯವಹಾರ ಕುಳಿತಿರುವುದು ನೆನಪಾದಾಗಲೆಲ್ಲ ನನಗೆ ನಗು ಬರುತ್ತದೆ.

ಮೂವತ್ತೈದರಲ್ಲಿ ಒಂದು ಎಂದರೆ ಕೇಳಲು ದೊಡ್ಡ ಇಳಿಕೆ ಅನ್ನಿಸುವುದಿಲ್ಲ. ಆದರೆ ಇಳಿಯುವುದು ಉದ್ದ ಮಾತ್ರವಲ್ಲ, ಅಗಲ ಮತ್ತು ಎತ್ತರ ಕೂಡ. ಮೂವತ್ತೈದನ್ನು ಮೂವತ್ತೈದರಿಂದ ಗುಣಿಸಿ, ಬಂದದ್ದನ್ನು ಮತ್ತೆ ಮೂವತ್ತೈದರಿಂದ ಗುಣಿಸಿದರೆ 42,875. ನಾನೀಗ ಕಟ್ಟುತ್ತಿರುವ ಅಮೆರಿಕದ ಎಂ3 ಲೀ ಟ್ಯಾಂಕು ನಿಜದಲ್ಲಿ ಸುಮಾರು 27 ಟನ್ ತೂಗುತ್ತಿತ್ತು. ಅದನ್ನು ಉಕ್ಕಿನಲ್ಲೇ, ಒಳಗಿನ ಯಂತ್ರದ ಸಮೇತ ಕುಗ್ಗಿಸಿದ್ದರೆ 630 ಗ್ರಾಂ ಆಗಬೇಕು. ನನ್ನ ಮೇಜಿನ ಮೇಲಿರುವುದು ಅದರ ಕಾಲು ಭಾಗವೂ ಇಲ್ಲ. ಕೈಗೆತ್ತಿಕೊಂಡ ಕ್ಷಣವೇ ಸುಳ್ಳು ಗೊತ್ತಾಗುತ್ತದೆ. ಮಾದರಿ ಮಾಡುವ ಕೆಲಸದ ಬಹುಪಾಲು, ಈ ಹಗುರತನ ಕಣ್ಣಿಗೆ ತಿಳಿಯದಂತೆ ಮುಚ್ಚಿಡುವುದೇ ಆಗಿದೆ. ಸರಪಳಿ ಪಟ್ಟಿ ಚಕ್ರಗಳ ಮೇಲೆ ತನ್ನ ಭಾರಕ್ಕೆ ತಾನೇ ಜೋತುಬಿದ್ದಂತೆ ಅಂಟಿಸಬೇಕು, ಮಣ್ಣಿನಲ್ಲಿ ಪಟ್ಟಿಯ ಅಂಚು ಒಂದಿಷ್ಟು ಹೂತಿರಬೇಕು. ಪ್ಲಾಸ್ಟಿಕ್ಕಿಗೆ ಭಾರ ಬರುವುದು ನೋಡುವವರ ಕಣ್ಣಲ್ಲಿ.

ಕಟ್ಟುವ ಕೆಲಸದ ಬಗ್ಗೆ ಹೊರಗಿನವರಿಗೆ ಹೇಳುವುದು ಕಷ್ಟ. ಚೌಕಟ್ಟಿನಿಂದ ತುಂಡು ಕತ್ತರಿಸು, ಗೀಚು ತೆಗೆ, ಮರಳುಕಾಗದದಿಂದ ಉಜ್ಜು, ಅಂಟಿಲ್ಲದೆಯೇ ಜೋಡಿಸಿ ನೋಡು, ಅಂಟಿಸು. ಇದನ್ನೇ ಮುನ್ನೂರು, ನಾನೂರು ಸಲ. ಅಂಟು ಎನ್ನುತ್ತೇವಾದರೂ ಅದು ಅಂಟಿಸುವುದಿಲ್ಲ, ಕರಗಿಸುತ್ತದೆ. ಎರಡು ತುಂಡುಗಳ ಅಂಚು ಕರಗಿ ಒಂದಕ್ಕೊಂದು ಬೆರೆತು ಮತ್ತೆ ಗಟ್ಟಿಯಾಗುತ್ತವೆ. ಆದ್ದರಿಂದ ತಪ್ಪಿದರೆ ಬಿಡಿಸಲಾಗದು. ನನ್ನ ಮೊದಲ ಟ್ಯಾಂಕಿನ ಎಡಪಕ್ಕದಲ್ಲಿ ಇಂದಿಗೂ ನನ್ನ ಹೆಬ್ಬೆಟ್ಟಿನ ಗುರುತು ಇದೆ. ಹಸಿ ಅಂಟಿನ ಮೇಲೆ ಅವಸರದಲ್ಲಿ ಒತ್ತಿದ್ದು. ಮೇಲೆ ಮೂರು ಪದರ ಬಣ್ಣ ಬಳಿದರೂ ಬೆಳಕು ಓರೆಯಾಗಿ ಬಿದ್ದಾಗ ಕಾಣುತ್ತದೆ. 1/35ರ ಲೆಕ್ಕದಲ್ಲಿ ಅದು ಅರ್ಧ ಮೀಟರಿಗೂ ಅಗಲವಾದ ಹೆಬ್ಬೆಟ್ಟು.

ಇನ್ನು ಟೈಗರ್, ಎರಡನೆಯ ಮಹಾಯುದ್ಧದ ಜರ್ಮನ್ ಟ್ಯಾಂಕು. ಆರಂಭದ ಟೈಗರುಗಳಲ್ಲಿ ಒಂದೊಂದು ಪಕ್ಕಕ್ಕೆ ಎಂಟು ಅಚ್ಚು, ಒಂದೊಂದು ಅಚ್ಚಿಗೆ ಮೂರು ಚಕ್ರ, ಒಂದರ ಸಂದಿಯಲ್ಲಿ ಇನ್ನೊಂದು ತೂರಿಕೊಂಡಂತೆ. ಒಟ್ಟು ನಲವತ್ತೆಂಟು. ಭಾರ ಸಮನಾಗಿ ಹಂಚಿಹೋಗಲಿ ಎಂದು ಮಾಡಿದ ಏರ್ಪಾಡು. ರಷ್ಯಾದ ಚಳಿಗಾಲದಲ್ಲಿ ಈ ಸಂದಿಗಳಲ್ಲಿ ಕೆಸರು ತುಂಬಿ ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಟ್ಯಾಂಕು ಅಲುಗಾಡದೆ ನಿಲ್ಲುತ್ತಿತ್ತು. ಒಳಸಾಲಿನ ಒಂದು ಚಕ್ರ ಕೆಟ್ಟರೆ ಹೊರಗಿನ ಹಲವನ್ನು ಬಿಚ್ಚಬೇಕಿತ್ತು. ನಲವತ್ತೆಂಟು ಚಕ್ರಗಳ ರಬ್ಬರಿನ ಅಂಚಿಗೆ ಕುಂಚ ಹಿಡಿದು ಕುಳಿತವರಿಗೆ ಆ ಮೆಕ್ಯಾನಿಕ್ಕುಗಳ ಶಾಪ ಚೆನ್ನಾಗಿ ಅರ್ಥವಾಗುತ್ತದೆ. ನಾನು ಒಳಸಾಲಿಗೆ ಬಣ್ಣ ಹಚ್ಚಲೇ ಇಲ್ಲ. ಯಾರಿಗೂ ಕಾಣುವುದಿಲ್ಲ. ನನಗೆ ಗೊತ್ತು, ಅದೊಂದೇ ತೊಂದರೆ.

ಟೈಗರಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಯುದ್ಧದಲ್ಲಿ ತಯಾರಾದ ಟೈಗರ್-1 ಟ್ಯಾಂಕುಗಳು 1,347. ಅಮೆರಿಕದ ಶರ್ಮನ್ 49 ಸಾವಿರದಷ್ಟು. ಮಾದರಿಗಳ ಲೋಕದಲ್ಲಿ ಈ ಲೆಕ್ಕ ತಲೆಕೆಳಗು. ಯಾರ ಕಪಾಟು ತೆರೆದರೂ ಜರ್ಮನಿಯೇ ಗೆದ್ದಂತೆ ಕಾಣುತ್ತದೆ. ಚೌಕ ಮೂತಿ, ಉದ್ದ ನಳಿಕೆ, ಮೂರು ಬಣ್ಣದ ಮರೆಮಾಚುವ ಚಿತ್ತಾರ, ಕೈಗೆ ಕೆಲಸ ಕೊಡುವ ವಸ್ತು ಎಂಬುದು ನಿಜ. ಆದರೆ ಕೆಲವು ಹವ್ಯಾಸಿಗಳು ಆ ಟ್ಯಾಂಕಿನ ಕಮಾಂಡರುಗಳ ಹೆಸರನ್ನು ಕ್ರಿಕೆಟಿಗರ ಹೆಸರು ಹೇಳಿದಂತೆ ಹೇಳುವಾಗ ನಾನು ಎದ್ದು ಹೋಗುತ್ತೇನೆ. ಆ ನಳಿಕೆ ಯಾವ ಆಳ್ವಿಕೆಯ ಪರವಾಗಿ ತಿರುಗಿತ್ತು ಎಂಬುದನ್ನು ಬಣ್ಣದ ಡಬ್ಬಿಯಲ್ಲಿ ಕಲಸಿ ಮರೆಯಲು ನನಗಾಗದು. ನನ್ನ ಕಪಾಟಿನಲ್ಲೂ ಎರಡು ಟೈಗರ್ ಇವೆ ಎಂಬುದನ್ನು ಮುಚ್ಚಿಡುವುದಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಲೀ ಟ್ಯಾಂಕಿನದು ಆಲಿವ್ ಡ್ರಾಬ್. ಹಸಿರು ಎಂದು ನಾವೆಲ್ಲ ಕರೆಯುವ ಆ ಬಣ್ಣ ಹುಟ್ಟುವುದು ಹಳದಿ ಕಾವಿಯೂ ಕಪ್ಪೂ ಬೆರೆತು. ಅದರಲ್ಲಿ ಹಸಿರು ವರ್ಣದ್ರವ್ಯ ಬೇಕಿಲ್ಲ. ನಂಬಿಕೆ ಬಾರದೆ ನಾನೇ ಒಂದು ತಟ್ಟೆಯಲ್ಲಿ ಕಲಸಿ ನೋಡಿದೆ. ಕಣ್ಣೆದುರೇ ಹಸಿರಾಯಿತು. ಇದರ ಸರಿಯಾದ ಛಾಯೆ ಯಾವುದು ಎಂಬ ವಾದ ಈ ಹವ್ಯಾಸದಲ್ಲಿ ಎಂದೂ ಮುಗಿಯುವುದಿಲ್ಲ. ಸಣ್ಣ ವಸ್ತುವಿಗೆ ಬಣ್ಣವನ್ನು ಒಂದಿಷ್ಟು ತಿಳಿಯಾಗಿಸಬೇಕು ಎಂಬುದೊಂದನ್ನು ಮಾತ್ರ ನಾನು ಪಾಲಿಸುತ್ತೇನೆ. ದೂರದಲ್ಲಿ ನಿಂತ ದೊಡ್ಡ ವಸ್ತು ಗಾಳಿಯ ಪರದೆಯಾಚೆ ಮಂಕಾಗಿ ಕಾಣುತ್ತದೆ; ಹತ್ತಿರದ ಸಣ್ಣ ವಸ್ತುವಿಗೆ ಆ ಪರದೆ ಇಲ್ಲ, ನಾವೇ ಹಾಕಬೇಕು.

ನಿಜವಾದ ಆಟ ಶುರುವಾಗುವುದು ಬಣ್ಣ ಒಣಗಿದ ಮೇಲೆ, ಹೊಸದಾಗಿ ಹೊಳೆಯುವ ಟ್ಯಾಂಕನ್ನು ಹಳತು ಮಾಡುವಾಗ. ತೆಳುವಾದ ಕಡುಬಣ್ಣವನ್ನು ಸಂದುಗೊಂದುಗಳಿಗೆ ಹರಿಯಬಿಡುವುದು, ಒಣಗುಂಚದಿಂದ ಉಬ್ಬುಗಳ ತುದಿಯನ್ನು ಸವರುವುದು: ಈ ಎರಡು ವಿದ್ಯೆಗಳನ್ನು ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್ ಎಲ್ಲೆಡೆ ಜನಪ್ರಿಯಗೊಳಿಸಿದರು. ಈಚೆಗೆ ಬಂದ ವಿದ್ಯೆ ಇನ್ನೂ ಚಮತ್ಕಾರದ್ದು. ಮೊದಲು ಇಡೀ ಟ್ಯಾಂಕಿಗೆ ತುಕ್ಕಿನ ಬಣ್ಣ. ಅದರ ಮೇಲೆ ತಲೆಗೂದಲಿಗೆ ಹೊಡೆಯುವ ಹೇರ್‌ಸ್ಪ್ರೇ. ಅದರ ಮೇಲೆ ಹಸಿರು ಅಕ್ರಿಲಿಕ್. ಆಮೇಲೆ ನೀರಿನಲ್ಲಿ ಅದ್ದಿದ ಕುಂಚದಿಂದ ತಿಕ್ಕಿದರೆ ನಡುವಿನ ಹೇರ್‌ಸ್ಪ್ರೇ ಕರಗಿ, ಹಸಿರು ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಕೆಳಗಿನ ತುಕ್ಕು ಇಣುಕುತ್ತದೆ. ಮೊದಲ ಚಕ್ಕೆ ಎದ್ದ ಸಂಜೆ ನಾನು ಊಟ ಮರೆತಿದ್ದೆ.

ಹಾಗೆ ಮಾಡಿದ್ದು ಸೋವಿಯತ್ ಒಕ್ಕೂಟದ ಟಿ-34. ಎರಡು ತಿಂಗಳು ತಿಕ್ಕಿದೆ. ಟರೆಟ್ಟಿನ ಅಂಚಿನಲ್ಲಿ ಕಿತ್ತಳೆ, ಎಂಜಿನಿನ ಮೇಲ್ಭಾಗದಲ್ಲಿ ಕಂದು, ಪಕ್ಕದ ತಗಡಿನಲ್ಲಿ ಇಳಿದ ತುಕ್ಕಿನ ಕಂಬನಿ. ನೋಡಿದವರೆಲ್ಲ ಹೊಗಳಿದರು. ನಾನೂ ಬೀಗಿದೆ. ಎಷ್ಟು ವರ್ಷ ದುಡಿದ ಯಂತ್ರ, ಎಷ್ಟು ಮಳೆ ಬಿಸಿಲು ಕಂಡದ್ದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ವರ್ಷವೆಲ್ಲಿಂದ ಬಂತು? 1942ರ ಆಗಸ್ಟಿನಲ್ಲಿ ಜರ್ಮನ್ ಪಡೆ ಸ್ಟಾಲಿನ್‌ಗ್ರಾಡಿನ ಉತ್ತರ ಅಂಚಿಗೆ ಬಂದಾಗ, ಅಲ್ಲಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಟಿ-34ಗಳು ಕಾರ್ಖಾನೆಯ ಬಾಗಿಲಿನಿಂದ ನೇರವಾಗಿ ರಣರಂಗಕ್ಕೆ ಹೋದವು. ತುಕ್ಕು ಹಿಡಿಯಲು ಸಮಯ ಬೇಕು. ಆ ಟ್ಯಾಂಕುಗಳಿಗೆ ಇಲ್ಲದೆ ಇದ್ದದ್ದು ಅದೊಂದೇ. ಬದುಕಿ ಓಡಾಡುವ ಟ್ಯಾಂಕಿನ ಮೈಯಲ್ಲಿ ಧೂಳಿರುತ್ತದೆ, ಎಣ್ಣೆ ಕಲೆ ಇರುತ್ತದೆ, ಬೂಟು ತಾಗಿ ಬಣ್ಣ ಸವೆದ ಕಡೆ ಕಡುಕಂದು ಇಣುಕುತ್ತದೆ. ಸರಪಳಿ ಪಟ್ಟಿ ಒಂದು ಮಳೆಗೆ ತುಕ್ಕು ಹಿಡಿದು, ನಾಲ್ಕು ಮೈಲಿ ಓಡಿದರೆ ಮತ್ತೆ ಬೆಳ್ಳಗಾಗುತ್ತದೆ. ಮೈತುಂಬ ಕಿತ್ತಳೆ ಬಣ್ಣದ ತುಕ್ಕು ಹಿಡಿಯುವುದು ಬೇರೊಂದು ಕಾರಣಕ್ಕೆ. ಒಳಗೆ ಬೆಂಕಿ ಬಿದ್ದಾಗ ಬಣ್ಣವೆಲ್ಲ ಉರಿದುಹೋಗಿ ಉಕ್ಕು ಬೆತ್ತಲಾಗುತ್ತದೆ. ಆ ಬೆತ್ತಲೆ ಉಕ್ಕಿಗೆ ಇಬ್ಬನಿ ತಾಗಿದರೆ ಸಾಕು, ಕೆಲವೇ ದಿನಗಳಲ್ಲಿ ಇಡೀ ಟ್ಯಾಂಕು ಇಟ್ಟಿಗೆಯಂತಾಗುತ್ತದೆ.

ನಾನು ಎರಡು ತಿಂಗಳು ಕಷ್ಟಪಟ್ಟು ಬಳಿದದ್ದು ಮುಪ್ಪಲ್ಲ, ಬೆಂಕಿ. ಹಾಗೆಂದು ಅದು ಸುಟ್ಟ ಟ್ಯಾಂಕೂ ಆಗಿರಲಿಲ್ಲ. ಸುಟ್ಟಿದ್ದರೆ ಚಕ್ರದ ರಬ್ಬರು ಬೂದಿಯಾಗಿ ಟ್ಯಾಂಕು ನೆಲಕ್ಕೆ ಕುಸಿದಿರಬೇಕಿತ್ತು. ನನ್ನದರ ರಬ್ಬರು ಕಪ್ಪಗೆ ಮಿರುಗುತ್ತಿತ್ತು. ಟಿ-34ರಲ್ಲಿ ನಾಲ್ಕು ಜನ ಕೂರುತ್ತಿದ್ದರು. ಮುಚ್ಚಳ ಎಂದಿನಂತೆ ಮುಚ್ಚಿ ಅಂಟಿಸಿದ್ದೆ. ಅದನ್ನು ಗಮನಿಸಿದ ದಿನ ನಾನು ಆ ಮಾದರಿಯನ್ನು ಎಸೆಯಲಿಲ್ಲ, ಮತ್ತೆ ಬಣ್ಣ ಬಳಿಯಲೂ ಇಲ್ಲ. ಹಿಂದಿನ ಸಾಲಿಗೆ ಸರಿಸಿ, ಮುಂದೆ ಒಂದು ಲಾರಿ ನಿಲ್ಲಿಸಿದೆ.

ಅಮೆರಿಕದ ಶೆಪರ್ಡ್ ಪೇನ್ 1970ರ ದಶಕದಲ್ಲಿ ಮಾನೋಗ್ರಾಂ ಕಂಪನಿಯ ಕಿಟ್ಟುಗಳಿಗಾಗಿ ಡಯೊರಾಮಾಗಳನ್ನು, ಅಂದರೆ ಮಾದರಿಯನ್ನು ನೆಲ, ಜನರ ಸಮೇತ ಕೂರಿಸಿದ ಪುಟ್ಟ ದೃಶ್ಯಗಳನ್ನು, ಮಾಡಿದ್ದರು. ಅವನ್ನು ಹೇಗೆ ಮಾಡಿದ್ದೆಂದು ವಿವರಿಸುವ ಒಂದು ಹಾಳೆ ಪೆಟ್ಟಿಗೆಯೊಳಗೇ ಇರುತ್ತಿತ್ತು. ಒಂದು ಪೀಳಿಗೆ ಆ ಹಾಳೆ ನೋಡಿ ಕಲಿತಿದೆ. ಅವರ ಕೆಲಸದಲ್ಲಿ ವಾಹನ ಇರುವುದು ಮನುಷ್ಯರಿಗಾಗಿ. ಯಾರೋ ದುರಸ್ತಿ ಮಾಡುತ್ತಿದ್ದಾರೆ, ಯಾರೋ ಸುಮ್ಮನೆ ಕಾಯುತ್ತಿದ್ದಾರೆ. ಆ ಚಿತ್ರಗಳನ್ನು ನಾನು ಎಷ್ಟೋ ವರ್ಷ ಬಣ್ಣದ ಕೈಚಳಕಕ್ಕಾಗಿ ನೋಡಿದ್ದೆ. ಜನ ಇದ್ದರೆಂಬುದು ಕಣ್ಣಿಗೆ ಬಿದ್ದದ್ದು ಟಿ-34ರ ನಂತರ.

ಲೀ ಟ್ಯಾಂಕನ್ನು ಆರಿಸಿಕೊಂಡದ್ದು ಅದರ ವಿಕಾರಕ್ಕಾಗಿ. ವಿಮಾನದ ದುಂಡು ಎಂಜಿನನ್ನು ತಂದು ಕೂರಿಸಿದ್ದರಿಂದ ಟ್ಯಾಂಕು ಮೂರು ಮೀಟರಿಗೂ ಎತ್ತರವಾಯಿತು. ದೊಡ್ಡ ತೋಪು, 75 ಮಿಲಿಮೀಟರಿನದು, ಟರೆಟ್ಟಿನಲ್ಲಿಲ್ಲ, ಬಲಗಡೆಯ ಪಕ್ಕೆಯಲ್ಲಿದೆ. ಟರೆಟ್ಟಿನಲ್ಲಿ 37 ಮಿಲಿಮೀಟರಿನ ಸಣ್ಣದು. ಅದರ ಮೇಲೆ, ಗೂಡಿನ ಮೇಲೊಂದು ಗೂಡು ಕಟ್ಟಿದ ಹಾಗೆ, ಮಷಿನ್‌ಗನ್ ಇರುವ ಕಮಾಂಡರನ ಗುಮ್ಮಟ. ಬ್ರಿಟಿಷರು ಇದಕ್ಕೆ ಅಮೆರಿಕದ ಅಂತರ್ಯುದ್ಧದ ಸೇನಾಪತಿ ಲೀಯ ಹೆಸರಿಟ್ಟರು. ಗುಮ್ಮಟವಿಲ್ಲದೆ ತಮಗೆ ಬೇಕಾದ ಟರೆಟ್ಟು ಹಾಕಿಸಿಕೊಂಡದ್ದಕ್ಕೆ ಅವನ ಎದುರಾಳಿ ಗ್ರಾಂಟನ ಹೆಸರು. ಅವಸರದ ಕೂಸು ಇದು. 1941–42ರಲ್ಲಿ ಆರು ಸಾವಿರಕ್ಕೂ ಹೆಚ್ಚು ತಯಾರಾದವು. ಸೋವಿಯತ್ ಸೈನಿಕರಿಗೂ ಸಿಕ್ಕಿದವು. ಏಳು ಜನ ಕೂರುವ ಈ ಎತ್ತರದ ಗುರಿಹಲಗೆಯನ್ನು ಅವರು ಏಳು ಸೋದರರ ಸಮಾಧಿ ಎಂದು ಕರೆದರು.

ಮೈತುಂಬ ರಿವೆಟ್ಟು. ಎರಡು ತಗಡು ಕೂಡುವ ಕಡೆ ಸಂದು ಉಜ್ಜುತ್ತಾ ನಾನು ಐದು ರಿವೆಟ್ಟುಗಳನ್ನು ಅಳಿಸಿಹಾಕಿದೆ. ಬೇಡದ ತುಂಡಿನಿಂದ ಬ್ಲೇಡಿನಲ್ಲಿ ಐದನ್ನು ಸೀಳಿ ತೆಗೆದು, ಒದ್ದೆ ಕುಂಚದ ತುದಿಯಲ್ಲಿ ಎತ್ತಿ, ಉಸಿರು ಹಿಡಿದು ಅವುಗಳ ಜಾಗಕ್ಕೆ ಇಟ್ಟೆ. ಒಂದು ಹಾರಿಹೋಯಿತು. ಆರನೆಯದನ್ನು ಸೀಳಿದೆ. ನಿಜವಾದ ಟ್ಯಾಂಕಿನಲ್ಲೂ ರಿವೆಟ್ಟುಗಳು ಹಾರುತ್ತಿದ್ದವು. ಹೊರಗೆ ಗುಂಡು ಬಡಿದರೆ ಒಳಗಿನ ತುದಿ ಕಿತ್ತು, ಕೂತವರ ಮೈಗೆ ಗುಂಡಿನಂತೆಯೇ ನಾಟುತ್ತಿತ್ತು.

ಈ ಟ್ಯಾಂಕು ಎಲ್ಲಿಯದು, ಯಾವ ದಿನದ್ದು ಎಂದು ನಿರ್ಧರಿಸಿಯೇ ಬಣ್ಣಕ್ಕೆ ಕೈ ಹಾಕಬೇಕೆಂಬುದು ಟಿ-34 ಕಲಿಸಿದ ಪಾಠ. ನಾನು ಆರಿಸಿಕೊಂಡದ್ದು 1944ರ ಏಪ್ರಿಲ್ 13, ಇಂಫಾಲ್ ಬಯಲಿನ ಅಂಚಿನ ನುನ್ಶಿಗುಮ್ ಗುಡ್ಡ. ಜಪಾನೀ ಸೈನಿಕರು ಹಿಡಿದಿದ್ದ ಆ ಗುಡ್ಡ ಬಯಲಿನಿಂದ ಸಾವಿರ ಅಡಿಗೂ ಮೇಲಿದೆ. ಅಂದು ಬೆಳಿಗ್ಗೆ ಡೋಗ್ರಾ ರೆಜಿಮೆಂಟಿನ ಕಾಲಾಳುಗಳ ಜೊತೆ ಬ್ರಿಟಿಷ್ ಸೇನೆಯ ಮೂರನೆಯ ಕ್ಯಾರಬಿನಿಯರ್ಸ್ ರೆಜಿಮೆಂಟಿನ ಬಿ ಸ್ಕ್ವಾಡ್ರನ್ನಿನ ಲೀ ಟ್ಯಾಂಕುಗಳು ಅದನ್ನು ಹತ್ತಿದವು. ಮೇಲೆ ಹೋದಂತೆ ಗುಡ್ಡದ ಬೆನ್ನು ಕಿರಿದಾಗುತ್ತದೆ, ಎರಡೂ ಕಡೆ ಕಡಿದಾದ ಇಳಿಜಾರು. ಒಳಗಿನ ಚಾಲಕನಿಗೆ ಸೀಳುಗಂಡಿಯಲ್ಲಿ ಕಾಣುವುದು ಆಕಾಶ. ಪಟ್ಟಿ ಅಂಚು ದಾಟಿದರೆ ಟ್ಯಾಂಕು ಉರುಳುತ್ತದೆ. ಆದ್ದರಿಂದ ಕಮಾಂಡರುಗಳು ಮುಚ್ಚಳ ತೆರೆದು, ತಲೆ ಹೊರಗೆ ಹಾಕಿ, ಎಡಕ್ಕೆ ಬಲಕ್ಕೆ ಎಂದು ಹೇಳುತ್ತಾ ಹೋದರು. ಕೆಲವೇ ಗಜ ದೂರದ ಕಂದಕಗಳಿಂದ ಅವರಿಗೆ ಗುಂಡು ಬಿತ್ತು. ಒಬ್ಬರಾದ ಮೇಲೆ ಒಬ್ಬರು. ದಾಳಿಯಲ್ಲಿದ್ದ ಬ್ರಿಟಿಷ್ ಅಧಿಕಾರಿಗಳೆಲ್ಲ ಸತ್ತರು ಇಲ್ಲವೆ ಗಾಯಗೊಂಡರು. ಕೊನೆಗೆ ಟ್ಯಾಂಕುಗಳನ್ನು ಸಾರ್ಜೆಂಟ್ ಮೇಜರ್ ಕ್ರಾಡಕ್, ಕಾಲಾಳುಗಳನ್ನು ಸುಬೇದಾರರಾದ ರಣಬೀರ್ ಸಿಂಗ್ ಮತ್ತು ತಿರು ರಾಮ್ ಮುನ್ನಡೆಸಿ ಗುಡ್ಡ ಗೆದ್ದರು. ಆ ರೆಜಿಮೆಂಟಿನ ಪರಂಪರೆ ಹೊತ್ತ ರಾಯಲ್ ಸ್ಕಾಟ್ಸ್ ಡ್ರಗೂನ್ ಗಾರ್ಡ್ಸ್ ಇಂದಿಗೂ ನುನ್ಶಿಗುಮ್ ದಿನವನ್ನು ಆಚರಿಸುತ್ತದೆ. ಅಂದು ಬಿ ಸ್ಕ್ವಾಡ್ರನ್ನಿನ ಪೆರೇಡಿನಲ್ಲಿ ಅಧಿಕಾರಿಗಳು ಇರುವುದಿಲ್ಲ.

ಸೂಚನಾ ಹಾಳೆಯ ಕೊನೆಯ ಪುಟಕ್ಕೆ ಬಂದಾಗ, ತೆರೆದದ್ದೋ ಮುಚ್ಚಿದ್ದೋ ಎಂಬ ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ.

ಮುಚ್ಚಳ ತೆರೆದಿಟ್ಟೆ. ಕಣ್ಣು ಹಾಯುವಷ್ಟು ಒಳಗೋಡೆಗೆ ಬಿಳಿ ಬಳಿದೆ. ಅಮೆರಿಕದ ಟ್ಯಾಂಕುಗಳ ಒಳಗೆ ಬಿಳಿ ಬಣ್ಣವಿರುತ್ತಿತ್ತು. ಕಡ್ಡಿಯ ಗುರುತುಗಳನ್ನು ಮೇಣದಂಥ ಪುಟ್ಟಿಯಿಂದ ತುಂಬಿದೆ. ಕಮಾಂಡರನ ಬೊಂಬೆಯನ್ನು ಬೇರೆಯಾಗಿ ತರಿಸಬೇಕಾಯಿತು. ಇಂಥ ಬೊಂಬೆಗಳಿಗೆ ಕಾಲು ಇರುವುದಿಲ್ಲ. ಮುಚ್ಚಳದಿಂದ ಹೊರಗೆ ಕಾಣುವುದು ಎದೆಯವರೆಗೆ ತಾನೆ, ಸೊಂಟಕ್ಕೇ ಕತ್ತರಿಸಿರುತ್ತಾರೆ. ಮುಖ ಬರೆಯಲು ನಾಲ್ಕು ಸಂಜೆ ಹಿಡಿಯಿತು. ಹುಬ್ಬಿನ ಕೆಳಗೆ ನೆರಳು, ಕೆನ್ನೆಗೆ ಒಂದಿಷ್ಟು ಕೆಂಪು, ಕಣ್ಣಿಗೆ ಬಿಳಿ ಹಚ್ಚದೆ ಬರಿಯ ಕಡುಗಂದು ಗೆರೆ. ಬಿಳಿ ಹಚ್ಚಿದರೆ ಬೆಚ್ಚಿಬಿದ್ದವನಂತೆ ಕಾಣುತ್ತಾನೆ.

ಅವನನ್ನು ನಿಲ್ಲಿಸಲು ಗುಮ್ಮಟದೊಳಗೆ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಚೂರುಗಳನ್ನು ಒಂದರ ಮೇಲೊಂದು ಪೇರಿಸಿದೆ. ಅಂಟು ಹಾಕಲಿಲ್ಲ. ಮೊದಲ ಸಲ ಅವನು ಅಂಚಿನಿಂದ ಹದಿಮೂರು ಮಿಲಿಮೀಟರ್ ಮೇಲೆ ಬಂದ. ನಿಜದ ಲೆಕ್ಕದಲ್ಲಿ ಒಂದೂವರೆ ಅಡಿ, ಎದೆಯವರೆಗೆ. ಚೆನ್ನಾಗಿ ಕಂಡಿತು. ನನಗೆ ಸಹಿಸಲಾಗಲಿಲ್ಲ. ಚೂರುಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದೆ. ಹನ್ನೆರಡು, ಹತ್ತು, ಏಳು. ನಾಲ್ಕಕ್ಕೆ ಇಳಿದಾಗ ಬರಿಯ ಹಣೆ ಮತ್ತು ಕಣ್ಣು. ಇಷ್ಟು ಸಾಕು, ಇಲ್ಲೇ ಇರಲಿ ಅನ್ನಿಸಿತು.

ಅಂಟು ಹಚ್ಚುವ ಮುನ್ನ ಒಂದು ದಾರ ತೆಗೆದುಕೊಂಡೆ. ಟ್ಯಾಂಕು ಆಗಲೇ ಜೇಡಿಮಣ್ಣಿನ ಕಿರಿದಾದ ದಿಬ್ಬದ ಮೇಲೆ ನಿಂತಿತ್ತು, ಎರಡೂ ಪಕ್ಕಕ್ಕೆ ಬೆರಳಗಲ ಜಾಗ ಬಿಟ್ಟು. ದಾರದ ಒಂದು ತುದಿಯನ್ನು ಬೊಂಬೆಯ ಕಣ್ಣಿನ ಹತ್ತಿರ ಹಿಡಿದು, ಇನ್ನೊಂದನ್ನು ಗುಮ್ಮಟದ ಅಂಚಿಗೆ ತಾಗುವಂತೆ ನೇರವಾಗಿ ಎಳೆದೆ. ದಾರ ದಿಬ್ಬದ ಅಂಚನ್ನು ಮುಟ್ಟಲಿಲ್ಲ. ಮೇಜನ್ನೂ ಮುಟ್ಟಲಿಲ್ಲ. ಗಾಳಿಯಲ್ಲಿ ಕಿಟಕಿಯತ್ತ ಹೋಯಿತು. ನಾಲ್ಕು ಮಿಲಿಮೀಟರಿನಲ್ಲಿ ನಿಂತವನಿಗೆ ಗುಮ್ಮಟದ ಬಳೆಯೇ ನೆಲವನ್ನು ಮರೆಮಾಡುತ್ತದೆ.

ಒಂದು ಚೂರು ಮತ್ತೆ ಹಾಕಿದೆ, ದಾರ ಎಳೆದೆ. ಇನ್ನೊಂದು ಹಾಕಿದೆ. ಎಂಟಕ್ಕೆ ದಾರ ಮೇಜಿಗೆ ಇಳಿಯಿತು. ಹನ್ನೊಂದಕ್ಕೆ ದಿಬ್ಬದ ಇಳಿಜಾರಿನ ಕೆಳಭಾಗ. ಪಟ್ಟಿಯ ಪಕ್ಕದ ಬೆರಳಗಲ ಮಣ್ಣು ಕಾಣಲು ಹದಿಮೂರೂ ಬೇಕಾಯಿತು, ಅದೂ ಸಾಲದೆ ಅವನ ಕುತ್ತಿಗೆಯನ್ನು ಗರಗಸದಿಂದ ಕೊಯ್ದು, ಎಡಕ್ಕೆ ಬಾಗಿಸಿ, ಸಂದಿಗೆ ಪುಟ್ಟಿ ತುಂಬಿದೆ. ಈಗ ದಾರ ಕಣ್ಣಿನಿಂದ ಹೊರಟು ಪಟ್ಟಿಯ ಅಂಚಿನ ಪಕ್ಕದಲ್ಲೇ ನೆಲಕ್ಕೆ ಮುಟ್ಟುತ್ತದೆ. ಪುಟ್ಟಿ ಒಣಗಲು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಚೂರುಗಳಿಗೆ ಅಂಟು ಹಚ್ಚಿದೆ.